ನೇಗಿಲು ಹೂಡಲಾಗದ ಎತ್ತರದಲ್ಲಿ ನೇಗಿಲಿನ ಚಿತ್ರ ಏಕೆ?

ಕಣಿವೆದಾರಿ:
ಫ್ರಾನ್ಸ್‌ನ ಆಗ್ನೇಯ ಮೂಲೆಯಲ್ಲಿ, ಇಟಲಿಯ ಗಡಿಗೆ ತಾಗಿಕೊಂಡು ಮೌಂಟ್ ಬೇಗೊ ಎಂಬ ಶಿಖರವಿದೆ. 2872 ಮೀಟರ್ ಎತ್ತರ. ಅದರ ಮಗ್ಗುಲಿನ ಮೆರ್ವೇ ಮತ್ತು ಫೊಂತನಾಲ್ಬ ಕಣಿವೆಗಳಲ್ಲಿ ಹಿಮನದಿ ಉಜ್ಜಿ ನುಣುಪು ಮಾಡಿಹೋದ ಬಂಡೆಗಳ ಮೇಲೆ 35,000ಕ್ಕೂ ಹೆಚ್ಚು ಆಕೃತಿಗಳನ್ನು ಕುಟ್ಟಿ ಮೂಡಿಸಿದ್ದಾರೆ. ಹೆಚ್ಚಿನವು ತಾಮ್ರಯುಗದವು ಮತ್ತು ಕಂಚಿನ ಯುಗದ ಆರಂಭದವು. ಅಂದರೆ ಇಂದಿಗೆ ನಾಲ್ಕೈದು ಸಾವಿರ ವರ್ಷ ಹಿಂದಿನವು. ಕೊಂಬಿನ ಪ್ರಾಣಿಗಳೇ ಎಲ್ಲಕ್ಕಿಂತ ಜಾಸ್ತಿ. ಆಮೇಲೆ ಕಠಾರಿಗಳು, ಉದ್ದ ಹಿಡಿಗೆ ಅಡ್ಡಲಾಗಿ ಅಲಗು ಸಿಕ್ಕಿಸಿದ ಆಯುಧಗಳು, ಜಾಲರಿಯಂತೆ ಗೆರೆ ಹಾಕಿದ ಚೌಕಗಳು. ಇವುಗಳ ನಡುವೆ ನೊಗಕ್ಕೆ ಕಟ್ಟಿದ ಜೋಡೆತ್ತು, ನೇಗಿಲು, ಮೇಣಿ ಹಿಡಿದ ಒಬ್ಬ ಮನುಷ್ಯ.

ಆ ನೇಗಿಲು ನನ್ನನ್ನು ಬಿಡುತ್ತಿಲ್ಲ. ಕೆತ್ತನೆಗಳಿರುವುದು 2000 ಮೀಟರಿಗಿಂತ ಮೇಲೆ. ವರ್ಷದ ಬಹುಕಾಲ ಹಿಮ. ಅಲ್ಲಿ ಹುಲ್ಲು ಬೆಳೆದೀತು, ಕಾಳು ಬೆಳೆಯುವುದಿಲ್ಲ. ಒಂದೇ ಕಡೆ ಹೀಗಿದ್ದರೆ ಸುಮ್ಮನಿರಬಹುದಿತ್ತು. ಕಿರ್ಗಿಸ್ತಾನದ ಫರ್ಗಾನಾ ಬೆಟ್ಟಸಾಲಿನಲ್ಲಿ, ಸುಮಾರು 3000 ಮೀಟರ್ ಎತ್ತರದ ಸೈಮಾಲೂ ತಾಷ್‌ನಲ್ಲೂ ಹೀಗೇ ಇದೆ. ಬೇಸಿಗೆಯ ಸ್ವಲ್ಪ ಕಾಲ ಮಾತ್ರ ಹಿಮ ಕರಗಿ ದಾರಿ ಬಿಡುವ ಜಾಗ ಅದು. ಅಲ್ಲೂ ಉಳುಮೆಯ ಚಿತ್ರಗಳಿವೆ. ಒಬ್ಬರನ್ನೊಬ್ಬರು ಕಂಡೇ ಇರದ ಜನ, ಉಳಲಾಗದ ಎತ್ತರಕ್ಕೆ ಏರಿಹೋಗಿ ಉಳುಮೆಯನ್ನು ಕೆತ್ತಿದ್ದಾರೆ.

ನನ್ನ ವಾದ ಇಷ್ಟು: ಚಿತ್ರದ ಅರ್ಥಕ್ಕೆ ಕೈಹಾಕುವ ಮೊದಲು ಬಂಡೆ ಎಲ್ಲಿದೆ ನೋಡಬೇಕು. ಯಾವ ತಿಂಗಳಲ್ಲಿ ಅಲ್ಲಿಗೆ ಹೋಗಬಹುದು, ನೀರು ಎಷ್ಟು ದೂರ, ಅಲ್ಲಿ ಕೂತರೆ ಏನು ಕಾಣುತ್ತದೆ? ಕಣಿವೆಯ ತಳದಲ್ಲಿ ಬಿತ್ತನೆ ಮುಗಿಯುತ್ತದೆ. ಕೆಲವರು ಬೆಳೆ ಕಾಯಲು ಕೆಳಗೇ ಉಳಿಯುತ್ತಾರೆ, ಉಳಿದವರು ದನ ಹೊಡೆದುಕೊಂಡು ಮೇಲಿನ ಹುಲ್ಲಿಗೆ ಹೊರಡುತ್ತಾರೆ. ಎತ್ತಿಗೂ ಆಗ ಬಿಡುವು. ಮೇಲೆ ಬಂದವರು ಕೆತ್ತಿದ್ದು ಕೆಳಗೆ ಬಿಟ್ಟುಬಂದ ಹೊಲವನ್ನು, ಜೊತೆಗೆ ಕರೆತಂದ ಎತ್ತನ್ನು. ತಳದ ಹೊಲ, ಇಳಿಜಾರಿನ ಕಾಡು, ತುದಿಯ ಹುಲ್ಲುಗಾವಲು ಇವು ಬೇರೆ ಬೇರೆ ಜನರ ಬೇರೆ ಬೇರೆ ಲೋಕಗಳಲ್ಲ, ಒಂದೇ ಬದುಕಿನ ಬೇರೆ ಬೇರೆ ತಿಂಗಳುಗಳು. ಹಾಗೆ ಓದಿದರೆ ನೇಗಿಲು ಒಗಟಾಗುವುದಿಲ್ಲ. ನಿಮಗೇನನ್ನಿಸುತ್ತದೆ?

ಬೆಟ್ಟದಬೆಳಕು:
ನಾನು ಒಪ್ಪುವುದಿಲ್ಲ. ಬೇಸಿಗೆಯ ಹುಲ್ಲು ಆಲ್ಪ್ಸ್‌ನ ನೂರಾರು ಕಣಿವೆಗಳಲ್ಲಿದೆ. ಸುತ್ತಮುತ್ತಲ ಎಲ್ಲ ಕಣಿವೆಗಳನ್ನು ಬಿಟ್ಟು ಬೇಗೊ ಬುಡದಲ್ಲೇ ಇಷ್ಟು ಸಾವಿರ ಕೆತ್ತನೆ ಗುಂಪುಗೂಡಿದ್ದು ಏಕೆ? ದನ ಕಾಯುವ ಹೊತ್ತಿನ ಕೆಲಸವಾಗಿದ್ದರೆ ದನ ಹೋದಲ್ಲೆಲ್ಲ ಅಷ್ಟಿಷ್ಟು ಹರಡಿರಬೇಕಿತ್ತು.

ಕಠಾರಿಗಳ ಬಗ್ಗೆಯೂ ನೀವು ಬೇಗ ಮುಂದೆ ಹೋಗಿಬಿಟ್ಟಿರಿ. ಆ ಕಾಲದಲ್ಲಿ ತಾಮ್ರದ ಕಠಾರಿ ಎಲ್ಲರ ಸೊಂಟದಲ್ಲಿ ಇರುತ್ತಿದ್ದ ವಸ್ತುವಲ್ಲ. ದನಗಾಹಿಯ ದಿನದಲ್ಲಿ ಅದಕ್ಕೇನು ಕೆಲಸ? ಒಂದಲ್ಲ ಎರಡಲ್ಲ, ಬಂಡೆಯಿಂದ ಬಂಡೆಗೆ ಕಠಾರಿ. ‘ಮಾಂತ್ರಿಕ’ ಎಂದು ಕರೆಯುವ ಪ್ರಸಿದ್ಧ ಮುಖದ ಎರಡೂ ಕೈಯಲ್ಲಿ ಕಠಾರಿಗಳೇ. ಅದು ಕೆಳಗೆ ಬಿಟ್ಟುಬಂದ ಹೊಲದ ನೆನಪಂತೂ ಅಲ್ಲ.

1967ರಿಂದ ಅಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಪುರಾತತ್ವಜ್ಞ ಆನ್ರಿ ದ ಲುಮ್ಲೆ ಅವರ ತಂಡ ಬೇಗೊವನ್ನು ಪವಿತ್ರ ಬೆಟ್ಟವೆಂದೇ ಓದಿತು. ಗುಡುಗು, ಮಳೆ ಕೊಡುವ ಗೂಳಿರೂಪದ ದೈವ, ಆ ಮಳೆಯಿಂದ ಫಲವತಿಯಾಗುವ ಭೂದೇವಿ ಎಂಬ ಜೋಡಿಯನ್ನು ಅವರು ಕಂಡರು. ಆ ಜೋಡಿಯ ಪ್ರತಿ ವಿವರವನ್ನೂ ನಾನು ಹೊತ್ತುಕೊಳ್ಳಲು ಸಿದ್ಧನಿಲ್ಲ. ಆದರೆ ಮಳೆ ಬೇಕಾದ ರೈತ ಮೋಡ ಕಟ್ಟುವ ಶಿಖರದ ಬುಡಕ್ಕೆ ಹೋಗಿ ತನ್ನ ನೇಗಿಲನ್ನು ತೋರಿಸಿದ ಎಂಬುದರಲ್ಲಿ ನನಗೆ ಒಂದಿಷ್ಟೂ ವಿಚಿತ್ರ ಕಾಣುವುದಿಲ್ಲ.

ಕಣಿವೆದಾರಿ:
ಬೇಗೊ ಬುಡವೇ ಏಕೆ ಎಂಬುದಕ್ಕೆ ಕಲ್ಲೇ ಒಂದು ಉತ್ತರ. ಕುಟ್ಟಿದರೆ ಗುರುತು ನಿಲ್ಲುವ, ಹಿಮನದಿ ಚಪ್ಪಟೆಯಾಗಿ ಸವರಿದ, ಹಸಿರು-ಕಿತ್ತಳೆ ಬಣ್ಣ ತಿರುಗಿದ ಸೂಕ್ಷ್ಮಕಣದ ಕಲ್ಲು ಎಲ್ಲ ಕಣಿವೆಯಲ್ಲೂ ಸಿಗುವುದಿಲ್ಲ. ಅಲ್ಲಿ ಸರೋವರಗಳಿವೆ, ನೀರಿಗೆ ಕೊರತೆಯಿಲ್ಲ.

ಇನ್ನೊಂದು ವಿಷಯ. ಅದೇ ಬಂಡೆಗಳ ಮೇಲೆ ಬಹಳ ಈಚಿನ ಕೆತ್ತನೆಗಳೂ ಇವೆ. ಕುರಿ ಕಾಯುವವರು ತಮ್ಮ ಹೆಸರನ್ನೂ ಇಸವಿಯನ್ನೂ ಚೂಪಾದ ಮೊನೆಯಿಂದ ಗೀಚಿದ್ದಾರೆ. ಅವರು ಅಲ್ಲಿಗೆ ಬಂದದ್ದು ಹುಲ್ಲಿಗೆ. ಆ ಜಾಗ ಸಾವಿರಾರು ವರ್ಷ ಮಂದೆಯ ಜಾಗವಾಗಿಯೇ ಉಳಿದಿದೆ ಎನ್ನಲು ಇದೂ ಒಂದು ಸುಳಿವು.

ಬೆಟ್ಟದಬೆಳಕು:
ಮಂದೆಯ ಜಾಗ ಎಂದರೆ ದೈವದ ಜಾಗ ಅಲ್ಲ ಎಂದಾಗುವುದಿಲ್ಲ. ಕಲ್ಲಿನ ವಾದವೂ ಪೂರ್ತಿ ನಿಲ್ಲುವುದಿಲ್ಲ. ಇಂಥ ಯಾವ ಕಣಿವೆಗೆ ಹೋದರೂ ಒಂದು ಬಂಡೆಯ ಮೇಲೆ ಚಿತ್ರದ ಮೇಲೆ ಚಿತ್ರ ಬಿದ್ದು ಕಾಲಿಡಲು ಜಾಗವಿರುವುದಿಲ್ಲ, ಮಗ್ಗುಲಲ್ಲಿ ಅಷ್ಟೇ ನುಣುಪಾದ ಬಂಡೆ ಖಾಲಿ ಬಿದ್ದಿರುತ್ತದೆ. ಆಯ್ಕೆ ಮಾಡಿದ್ದು ಮನುಷ್ಯ.

ಕಝಾಕಿಸ್ತಾನದ ತಮ್ಗಾಲಿ ನೋಡಿ. ಸುಮಾರು 5000 ಕೆತ್ತನೆಗಳು, 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿ ವಾಸದ ನೆಲೆಗಳ, ಗೋರಿಗಳ ಕುರುಹುಗಳು ಹೊರಸುತ್ತಿನಲ್ಲಿವೆ. ಕೆತ್ತನೆ ದಟ್ಟವಾಗಿರುವುದು ನಡುವಿನ ಕಮರಿಯಲ್ಲಿ, ಬಲಿ-ನೈವೇದ್ಯಕ್ಕೆ ಬಳಸಿದ ವೇದಿಕೆಗಳೆಂದು ಭಾವಿಸುವ ರಚನೆಗಳ ಜೊತೆ. ತಲೆಯ ಜಾಗದಲ್ಲಿ ಸೂರ್ಯನ ಕಿರಣ ಹೊಮ್ಮಿಸುವ ಮನುಷ್ಯಾಕೃತಿಗಳು ಅಲ್ಲಿಯವೇ. ಬದುಕಿದ ಜಾಗ ಬೇರೆ, ಕೈಮುಗಿದ ಜಾಗ ಬೇರೆ ಎಂದು ನೆಲವೇ ಹೇಳುತ್ತಿದೆ. ‘ಬಂಡೆ ಎಲ್ಲಿದೆ ನೋಡಿ’ ಎನ್ನುವ ನಿಮ್ಮದೇ ಸೂತ್ರ ಇಲ್ಲಿ ನನ್ನ ಕಡೆಗೆ ವಾಲುತ್ತದೆ.

ಪರಾಗಕಣ:
ಇಬ್ಬರೂ ಸಾವಿರ ವರ್ಷದ ಅವಧಿಯನ್ನು ಒಂದೇ ಮಧ್ಯಾಹ್ನ ಎಂಬಂತೆ ಮಾತಾಡುತ್ತಿದ್ದೀರಿ. ಮೊದಲು ಕಾಲ ಬಿಡಿಸಿಕೊಳ್ಳೋಣ.

ಕುಟ್ಟಿದ ಗುಳಿಯಲ್ಲಿ ಇಂಗಾಲ ಇರುವುದಿಲ್ಲ, ಹಾಗಾಗಿ ನೇರವಾಗಿ ಕಾಲ ಅಳೆಯುವ ದಾರಿ ಸಾಮಾನ್ಯವಾಗಿ ಇಲ್ಲ. ಉಳಿಯುವುದು ಸುತ್ತುದಾರಿಗಳು. ಕಠಾರಿ ಇಲ್ಲಿ ಬಹಳ ಉಪಕಾರಿ. ಇಟಲಿಯ ವಾಲ್ಕಮೋನಿಕಾ ಕಣಿವೆಯ ಚೆಮ್ಮೊ ಬಂಡೆಗಳ ಮೇಲಿರುವ ತ್ರಿಕೋನ ಅಲಗಿನ ಕಠಾರಿ, ಕೆಳಗಿನ ಬಯಲಿನ ರೆಮೆದೆಲ್ಲೊ ಗೋರಿಗಳಲ್ಲಿ ಸಿಕ್ಕ ನಿಜವಾದ ಕಠಾರಿಯ ಮಾದರಿಯದೇ. ಗೋರಿಯ ಕಾಲ ಗೊತ್ತು, ಆದ್ದರಿಂದ ಬಂಡೆಯ ಕಾಲವೂ ಸುಮಾರಾಗಿ ಗೊತ್ತಾಯಿತು: ಕ್ರಿ.ಪೂ. ಮೂರನೆಯ ಸಹಸ್ರಮಾನ. ಎರಡನೆಯ ದಾರಿ, ಯಾವ ಗೆರೆ ಯಾವ ಗೆರೆಯನ್ನು ಕಡಿದಿದೆ ಎಂದು ನೋಡುವುದು. ಮೂರನೆಯದು ಕಲ್ಲಿನ ಮೇಲೆ ಮತ್ತೆ ಕೂತ ಕಪ್ಪು. ಕೊನೆಯದನ್ನು ಮಾತ್ರ ನಂಬಿ ನಡೆಯಬಾರದು. ಬಿಸಿಲಿಗೆ ಬಿದ್ದ ಮುಖ, ನೀರು ಹರಿಯುವ ಮುಖ ಒಂದೇ ವೇಗದಲ್ಲಿ ಕಪ್ಪಾಗುವುದಿಲ್ಲ.

ದನದ ವಿಷಯಕ್ಕೆ ಬಂಡೆಯ ಹೊರಗೂ ಸಾಕ್ಷಿಯಿದೆ. ಸ್ವಿಟ್ಜರ್ಲೆಂಡ್-ಆಸ್ಟ್ರಿಯಾ ಗಡಿಯ ಸಿಲ್ವ್ರೆಟ್ಟಾ ಬೆಟ್ಟಗಳಲ್ಲಿ ಸಿಕ್ಕ ಕಬ್ಬಿಣ ಯುಗದ ಮಡಕೆ ಚೂರುಗಳೊಳಗೆ ಹಾಲಿನ ಕೊಬ್ಬಿನ ಅಂಶ ಉಳಿದಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನ ಅದು. ಅಷ್ಟು ಎತ್ತರಕ್ಕೆ ದನ ಹೋದದ್ದಷ್ಟೇ ಅಲ್ಲ, ಅಲ್ಲೇ ಹಾಲು ಕರೆದು ಮಡಕೆಗೆ ಹಾಕಿದ್ದಾರೆ. ಇನ್ನೂ ಹಿಂದೆ ಹೋದರೆ, 1991ರಲ್ಲಿ ಆಲ್ಪ್ಸ್‌ನ 3210 ಮೀಟರ್ ಎತ್ತರದ ಹಿಮದಲ್ಲಿ ದೇಹ ಕೆಡದೆ ಸಿಕ್ಕ, ಓಟ್ಸಿ ಎಂದು ಕರೆಯುವ ಮನುಷ್ಯ. ಕ್ರಿ.ಪೂ. 3300ರ ಆಸುಪಾಸಿನವನು. ಅವನ ಕರುಳಿನಲ್ಲಿದ್ದ ಪರಾಗದಲ್ಲಿ ಕೆಳಗಿನ ಬೆಚ್ಚಗಿನ ಕಣಿವೆಯಲ್ಲಿ ಬೆಳೆಯುವ ಮರದ ಪರಾಗವೂ ಇತ್ತು, ಹೊಟ್ಟೆಯಲ್ಲಿ ಹೊಲದ ಗೋಧಿಯೂ ಬೆಟ್ಟದ ಐಬೆಕ್ಸ್ ಎಂಬ ಕಾಡುಮೇಕೆಯ ಮಾಂಸವೂ ಒಟ್ಟಿಗಿದ್ದವು. ಕಣಿವೆಯ ತಳದಿಂದ ತುದಿಯವರೆಗೆ ಓಡಾಡಿದ ಬದುಕಿಗೆ ಇದಕ್ಕಿಂತ ನೇರ ಸಾಕ್ಷಿ ಸಿಗುವುದು ಕಷ್ಟ.

ಆದರೆ ನಿಮ್ಮ ನೇಗಿಲಿಗೆ ಇದು ಉತ್ತರವಲ್ಲ. ಜನ ಮೇಲೆ ಹೋಗುತ್ತಿದ್ದರು ಎಂಬುದು ಒಂದು. ಹೋದವರು ಏಕೆ ಕೆತ್ತಿದರು ಎಂಬುದು ಇನ್ನೊಂದು.

ಕುತೂಹಲಿ:
ಒಂದು ಸಂದೇಹ. ದನಗಾಹಿಗಳೇ ಕೆತ್ತಿದ್ದಾದರೆ ಲಡಾಖಿನಲ್ಲಿ ಎಲ್ಲಿ ನೋಡಿದರೂ ಐಬೆಕ್ಸ್ ಏಕೆ? ಅದು ಕಾಡುಪ್ರಾಣಿ. ಸಾಕಿದ ಕುರಿ ಮೇಕೆ ಎಲ್ಲಿ ಹೋದವು?

ಹಿಮಚಾರಣಿ:
ಆಲ್ಚಿ ಸೇತುವೆಯ ಬಳಿಯ ಬಂಡೆಗಳನ್ನು ಹತ್ತಿರದಿಂದ ನೋಡಿದ್ದೇನೆ, ಅಲ್ಲಿಂದಲೇ ಹೇಳುತ್ತೇನೆ. ಸಿಂಧೂ ದಡದ ಆ ಕಲ್ಲುಗಳ ಮೈ ಕಡುಕಂದು. ಕಬ್ಬಿಣ, ಮ್ಯಾಂಗನೀಸ್ ಸೇರಿದ ತೆಳು ಪದರ ಮೇಲೆ ಕೂತು ಹೊಳಪು ಬಂದಿದೆ. ಇನ್ನೊಂದು ಗಟ್ಟಿ ಕಲ್ಲಿನಿಂದ ಆ ಪದರವನ್ನು ಕುಟ್ಟಿ ಎಬ್ಬಿಸಿದರೆ ಒಳಗಿನ ತಿಳಿಬಣ್ಣ ಕಾಣುತ್ತದೆ, ಅದೇ ಚಿತ್ರ. ಮುಖ ಹತ್ತಿರ ತಂದರೆ ಐಬೆಕ್ಸ್ ಮಾಯವಾಗಿ ಬೇಳೆಕಾಳಿನಷ್ಟು ಗಾತ್ರದ ಗುಳಿಗಳು ಮಾತ್ರ ಉಳಿಯುತ್ತವೆ. ಬೆನ್ನಿನ ಗೆರೆಯಲ್ಲಿ ಗುಳಿಗಳು ಒತ್ತೊತ್ತಾಗಿ, ಕೊಂಬಿನ ತುದಿಯಲ್ಲಿ ಬಿಡಿಬಿಡಿಯಾಗಿ. ಹಿಂದಕ್ಕೆ ಬಾಗಿದ ಕೊಂಬು ಬಾಲದ ತನಕ ಬಂದಿರುತ್ತದೆ. ಅದೇ ಬಂಡೆಯಲ್ಲಿ ಒಂದು ಐಬೆಕ್ಸ್ ಕಲ್ಲಿನಷ್ಟೇ ಕಪ್ಪಾಗಿ, ಓರೆ ಬಿಸಿಲಿಲ್ಲದಿದ್ದರೆ ಕಾಣುವುದೇ ಇಲ್ಲ. ಪಕ್ಕದ್ದು ತಿಳಿಗಂದು. ಬಂದವರೆಲ್ಲ ತಮ್ಮ ಕಾಲದ ಒಂದೊಂದು ಐಬೆಕ್ಸ್ ಸೇರಿಸುತ್ತ ಹೋದ ಹಾಗಿದೆ. ಹತ್ತಿರದಲ್ಲೇ ಸ್ತೂಪದ ಚಿತ್ರಗಳು, ಹಳೆಯ ಟಿಬೆಟನ್ ಬರಹಗಳು.

ಐಬೆಕ್ಸ್ ಆ ಜನರಿಗೆ ಬರೀ ಮಾಂಸವಲ್ಲ. ಇಂದಿಗೂ ಲೊಸಾರ್ ಹೊಸವರ್ಷಕ್ಕೆ ಹಿಟ್ಟಿನಿಂದ ಐಬೆಕ್ಸ್ ಮಾಡಿಡುತ್ತಾರೆ, ಶುಭವೆಂದು. ಹಟ್ಟಿಯಲ್ಲಿ ದಿನಾ ಕಾಣುವ ಕುರಿಯನ್ನು ಯಾರೂ ಹಾಗೆ ಮಾಡಿಡುವುದಿಲ್ಲ.

ಬೆಟ್ಟದಬೆಳಕು:
ಇದೇ ನಾನು ಹೇಳುತ್ತಿರುವುದು. ತಿಂದದ್ದು, ಸಾಕಿದ್ದು, ಕೆತ್ತಿದ್ದು ಈ ಮೂರೂ ಬೇರೆ ಬೇರೆ ಪಟ್ಟಿಗಳು.

ದಕ್ಷಿಣ ಆಫ್ರಿಕಾ ಮತ್ತು ಲೆಸೋಥೊ ನಡುವಿನ ಡ್ರಾಕೆನ್ಸ್‌ಬರ್ಗ್ ಬೆಟ್ಟಗಳನ್ನು ತೆಗೆದುಕೊಳ್ಳಿ. ಅಲ್ಲಿ ಕೆತ್ತನೆಯಲ್ಲ, ಬಣ್ಣದ ಚಿತ್ರ. ಅಲ್ಲಿನ ಬೇಟೆಗಾರ ಸಾನ್ ಜನ ಬರೆದದ್ದು. ಎಲ್ಲಕ್ಕಿಂತ ಪ್ರೀತಿಯಿಂದ, ಬಣ್ಣದ ಮೇಲೆ ಬಣ್ಣ ಹಾಕಿ ತಿದ್ದಿದ ಪ್ರಾಣಿ ಎಲೆಂಡ್ ಎಂಬ ದೊಡ್ಡ ಸಾರಂಗ. ‘ಬೇಟೆಯ ಪ್ರಾಣಿ, ಅದಕ್ಕೇ ಬಿಡಿಸಿದರು’ ಎಂದು ಬಹುಕಾಲ ಹೇಳಿದರು. ಆದರೆ ಗುಹೆ ನೆಲದ ಅಗೆತದಲ್ಲಿ ಸಿಕ್ಕ ಮೂಳೆಗಳಿಗೂ ಗೋಡೆಯ ಮೇಲಿನ ಪ್ರಾಣಿಗಳಿಗೂ ಲೆಕ್ಕ ಕೂಡಲಿಲ್ಲ.

ಅಲ್ಲಿ ನಮಗೆ ಒಂದು ಭಾಗ್ಯವಿದೆ: ಮಾತು ಉಳಿದಿದೆ. 1873ರಲ್ಲಿ ಕಿಂಗ್ ಎಂಬ ಸಾನ್ ಮನುಷ್ಯ ವಸಾಹತು ಅಧಿಕಾರಿ ಜೋಸೆಫ್ ಆರ್ಪೆನ್‌ಗೆ ಮಲೂಟಿ ಬೆಟ್ಟಗಳಲ್ಲಿ ದಾರಿ ತೋರಿಸುತ್ತ ಚಿತ್ರಗಳ ಬಗ್ಗೆ ಹೇಳಿದ್ದು ಅಚ್ಚಾಗಿದೆ. ಅದನ್ನೂ, ಅದೇ ದಶಕದಲ್ಲಿ ವಿಲ್ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಬರೆದಿಟ್ಟ ಸಾನ್ ಕಥನಗಳನ್ನೂ ಇಟ್ಟುಕೊಂಡು ಡೇವಿಡ್ ಲೂಯಿಸ್-ವಿಲಿಯಮ್ಸ್ ಗೇಮ್ ಪಾಸ್ ಎಂಬ ಕಲ್ಲಾಸರೆಯ ಚಿತ್ರದ ಅರ್ಥ ಬಿಡಿಸಿದರು. ಸಾಯುತ್ತಿರುವ ಎಲೆಂಡ್: ತಲೆ ಇಳಿಬಿದ್ದಿದೆ, ಮೈರೋಮ ನಿಮಿರಿದೆ, ಹಿಂಗಾಲುಗಳು ಒಂದರ ಮೇಲೊಂದು ತೊಡರಿಕೊಂಡಿವೆ. ಅದರ ಬಾಲ ಹಿಡಿದ ಮನುಷ್ಯನ ಕಾಲುಗಳೂ ಹಾಗೇ ತೊಡರಿಕೊಂಡಿವೆ. ಪ್ರಾಣಿ ಸಾಯುತ್ತಿದೆ, ಮನುಷ್ಯ ಕುಣಿತದ ಸಮಾಧಿಸ್ಥಿತಿಗೆ ಜಾರುತ್ತಿದ್ದಾನೆ, ಎರಡೂ ಒಂದೇ. ಕಾಲಿನ ಆ ಒಂದು ವಿವರ ಇಲ್ಲದಿದ್ದರೆ, ಕಿಂಗ್‌ನ ಮಾತು ಇಲ್ಲದಿದ್ದರೆ, ನಾವು ಇಂದಿಗೂ ಅದನ್ನು ಬೇಟೆಯ ದೃಶ್ಯ ಎಂದು ಬರೆದುಕೊಂಡಿರುತ್ತಿದ್ದೆವು.

ಕಣಿವೆದಾರಿ:
ಗೇಮ್ ಪಾಸ್ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಆ ಕೀಲಿಯನ್ನು ಎಲ್ಲ ಬೀಗಕ್ಕೂ ತಿರುಗಿಸಲಾಗದು. ಬೇಗೊದಲ್ಲಿ ನಮಗೆ ಕಿಂಗ್ ಇಲ್ಲ. ಮಾತು ಸಿಗದ ಕಡೆ ನೆಲವೇ ನಮಗಿರುವ ಸಾಕ್ಷಿ. ಅದೂ ಅಲ್ಲದೆ ಡ್ರಾಕೆನ್ಸ್‌ಬರ್ಗ್‌ನಲ್ಲೂ ಎಲೆಂಡ್ ಬೇಸಿಗೆಯ ಹೊಸ ಹುಲ್ಲಿಗೆ ಬೆಟ್ಟ ಹತ್ತುತ್ತದೆ. ದೈವವೂ ಋತುವಿನ ಜೊತೆಯೇ ಕಣಿವೆಗೆ ಬರುತ್ತದೆ.

ನೆಲ ಎಷ್ಟು ಹೇಳಬಲ್ಲದು ಎಂಬುದಕ್ಕೆ ಮಂಗೋಲಿಯಾದ ಆಲ್ಟಾಯ್ ಬೆಟ್ಟಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2011ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೂರು ತಾಣಗಳಲ್ಲಿ ಸುಮಾರು 12,000 ವರ್ಷಗಳ ಚಿತ್ರಗಳಿವೆ. ಮೂರೂ ಹಿಮನದಿ ಕೊರೆದ ಎತ್ತರದ ಕಣಿವೆಗಳು. ಮೊದಲ ಚಿತ್ರಗಳ ಕಾಲದಲ್ಲಿ, ಅಂದರೆ ಕ್ರಿ.ಪೂ. 11,000ದಿಂದ 6000ದವರೆಗೆ, ಅಲ್ಲಿ ಅಷ್ಟಿಷ್ಟು ಕಾಡಿತ್ತು. ಜನ ದೊಡ್ಡ ಪ್ರಾಣಿಗಳ ಬೇಟೆಗಾರರು. ಆಮೇಲೆ ಕಾಡು ಹಿಂದೆ ಸರಿಯುತ್ತದೆ, ಹುಲ್ಲು ಹರಡುತ್ತದೆ, ಸಾಕುಪ್ರಾಣಿ ಬರುತ್ತದೆ. ಹೇರು ಹೊತ್ತ ಪ್ರಾಣಿಗಳನ್ನು ಹಿಡಿದು ಸಂಸಾರ ಸಮೇತ ಸಾಗುವ ಜನರ ಚಿತ್ರಗಳು ಕಾಣುತ್ತವೆ, ಗಾಡಿಗಳು ಕಾಣುತ್ತವೆ. ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭಕ್ಕೆ ಬದುಕು ಪೂರ್ತಿ ಕುದುರೆಯ ಬೆನ್ನೇರುತ್ತದೆ. ಕೊನೆಗೆ ಕ್ರಿ.ಶ. ಏಳು-ಎಂಟನೆಯ ಶತಮಾನದ ತುರ್ಕಿಕ್ ಜನಾಂಗದ ಸವಾರರು. ಅದೇ ಕಣಿವೆ, ಅದೇ ಇಳಿಜಾರು. ಹವಾಮಾನ ಬದಲಾದಂತೆ ಕಣಿವೆಯನ್ನು ಬಳಸುವ ರೀತಿ ಬದಲಾಯಿತು, ಅದು ಬಂಡೆಯ ಮೇಲೆ ಬಂದಿತು. ಬರೀ ದೈವದ ಓದಿನಿಂದ ಈ ಕಥೆ ಹೊರಡುತ್ತಿರಲಿಲ್ಲ.

ಲಿಪಿಪ್ರಿಯ:
ದನ, ದೈವ ಎರಡೇ ಏಕೆ, ದಾರಿಹೋಕರೂ ಇದ್ದಾರೆ. ಸಿಂಧೂ ಮೇಲ್ಕಣಿವೆಯ ಶತಿಯಾಲ್‌ನಲ್ಲಿ, ಈಗಿನ ಪಾಕಿಸ್ತಾನದ ಕಡೆ, ಸಮರಕಂದದ ಸುತ್ತಲಿನ ಸೊಗ್ದಿಯನ್ ವ್ಯಾಪಾರಿಗಳು ಕೆತ್ತಿದ ಐನೂರಕ್ಕೂ ಹೆಚ್ಚು ಬರಹಗಳಿವೆ. ಬಹುಪಾಲು ಬರೀ ಹೆಸರು: ಇಂಥವನು, ಇಂಥವನ ಮಗ. ಶತಿಯಾಲ್ ನದಿ ದಾಟುವ ಜಾಗ. ದಾಟಲು ಕಾದವರು, ಸರಕು ಬದಲಿಸಿದವರು, ಬೀಳ್ಕೊಟ್ಟವರು ಬರೆದರು. ಲಡಾಖಿನ ತಾಂಗ್ಸೆಯಲ್ಲಿ ಒಂಬತ್ತನೆಯ ಶತಮಾನದ ಸೊಗ್ದಿಯನ್ ಬರಹವಿದೆ, ಸಮರಕಂದದಿಂದ ಟಿಬೆಟ್ಟಿನ ದೊರೆಯ ಬಳಿಗೆ ಹೊರಟವರದು. ಬಳಿಯಲ್ಲಿ ಶಿಲುಬೆಗಳ ಕೆತ್ತನೆಯೂ ಇದೆ.

ಹಿಮಚಾರಣಿ ಹೇಳಿದ ಆಲ್ಚಿಯೂ ಸೇತುವೆಯ ಜಾಗವೇ. ಬೆಟ್ಟದ ನಾಡಿನಲ್ಲಿ ಜನ ನಿಲ್ಲಲೇಬೇಕಾದ ಜಾಗಗಳು ಕೆಲವೇ: ನದಿ ದಾಟುವ ಕಡೆ, ಕಣಿವೆಗಳು ಕೂಡುವ ಕಡೆ, ಏರು ಶುರುವಾಗುವ ಬುಡ. ಆ ಜಾಗಗಳು ಸಾವಿರ ವರ್ಷಕ್ಕೂ ಬದಲಾಗುವುದಿಲ್ಲ. ಹಾಗಾಗಿ ಐಬೆಕ್ಸ್ ಕೆತ್ತಿದವನೂ ಸ್ತೂಪ ಕೆತ್ತಿದವನೂ ಒಂದೇ ಬಂಡೆಗೆ ಬಂದು ನಿಂತರು.

ಕುತೂಹಲಿ:
ಹಾಗಾದರೆ ವಾಲ್ಕಮೋನಿಕಾದ ಬೆದೊಲಿನಾ ಬಂಡೆ? ಅದು ಕಣಿವೆಯ ನಕ್ಷೆಯೇ ಎಂದು ಓದಿದ್ದೆ. ಹೊಲ, ದಾರಿ, ಮನೆ ಎಲ್ಲ ಮೇಲಿಂದ ನೋಡಿದಂತೆ. ಕಣಿವೆಯ ಬಳಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಪರಾಗಕಣ:
ಬೆದೊಲಿನಾದಲ್ಲಿ ಚುಕ್ಕೆ ತುಂಬಿದ ಚೌಕಗಳಿವೆ, ಅವುಗಳ ನಡುವೆ ಬಳುಕುವ ಗೆರೆಗಳಿವೆ, ಇಳಿಜಾರಿನ ಅಂಚಿನಲ್ಲಿ ಕೂತು ನೋಡಿದರೆ ಕೆಳಗೆ ಇಡೀ ಕಣಿವೆ ತೆರೆದುಕೊಳ್ಳುತ್ತದೆ. ಹಾಗಾಗಿ ನಕ್ಷೆ ಎನ್ನುವ ಆಸೆ ಯಾರಿಗೂ ಬರುತ್ತದೆ. ಆದರೆ ಮನೆಗಳನ್ನು ಆಮೇಲೆ ಸೇರಿಸಿದ್ದು, ಒಂದೇ ಕೈಯ, ಒಂದೇ ಕಾಲದ ಚಿತ್ರ ಅಲ್ಲ. ಕೆಳಗಿನ ನಿಜವಾದ ನೆಲಕ್ಕೆ ಗೆರೆ ಹೊಂದಿಸಲು ಮಾಡಿದ ಪ್ರಯತ್ನಗಳೂ ಗಟ್ಟಿಯಾಗಿ ನಿಂತಿಲ್ಲ. ಉತ್ತ ನೆಲದ ಮೇಲಿನ ಹಕ್ಕನ್ನು, ಅಚ್ಚುಕಟ್ಟಾದ ಹೊಲ ಎಂಬ ಕಲ್ಪನೆಯನ್ನೇ ಅಲ್ಲಿ ಕೆತ್ತಿರಬಹುದು ಎನ್ನುವವರ ಕಡೆ ನಾನಿದ್ದೇನೆ.

ವಾಲ್ಕಮೋನಿಕಾದ ಸ್ಥಿತಿ ಬೇಗೊಗಿಂತ ಬೇರೆ ಎಂಬುದನ್ನೂ ಮರೆಯಬಾರದು. ಅಲ್ಲಿ ಬಂಡೆಗಳು ಊರಿನ ನೆತ್ತಿಯ ಮೇಲೇ ಇವೆ, ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯಬಹುದು. ಯುನೆಸ್ಕೊ ಲೆಕ್ಕದಲ್ಲಿ 1,40,000ಕ್ಕೂ ಹೆಚ್ಚು ಆಕೃತಿಗಳು, 8000 ವರ್ಷಗಳ ಅವಧಿ. 1979ರಲ್ಲಿ ಇಟಲಿಯ ಮೊದಲ ವಿಶ್ವ ಪರಂಪರೆ ತಾಣವಾಯಿತು. ಕಬ್ಬಿಣ ಯುಗದಲ್ಲಿ ಕಮುನ್ನಿ ಜನ ಅಲ್ಲಿ ಕಾಳಗ, ಕುದುರೆ, ಜಿಂಕೆ, ಮನೆ ಎಲ್ಲ ತುಂಬಿಸಿದರು. ಕ್ರಿ.ಪೂ. 16ರಲ್ಲಿ ರೋಮ್ ಆ ಕಣಿವೆಯನ್ನು ಗೆದ್ದ ಮೇಲೆ ಕೆತ್ತನೆಯ ಭರ ಇಳಿಯಿತು. ಹುಲ್ಲು ಇಳಿಯಲಿಲ್ಲ, ದನ ಇಳಿಯಲಿಲ್ಲ. ಬದಲಾದದ್ದು ಸಮಾಜ. ಕಣಿವೆದಾರಿ ಅವರು ಇದನ್ನೂ ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಣಿವೆದಾರಿ:
ತೆಗೆದುಕೊಳ್ಳುತ್ತೇನೆ. ಕಣಿವೆಯನ್ನು ಬಳಸುವುದು ಎಂದರೆ ಹುಲ್ಲು-ನೀರು ಮಾತ್ರವಲ್ಲ, ಯಾರ ಕಣಿವೆ ಎಂಬುದೂ ಸೇರಿತು. ಕಠಾರಿಗಳನ್ನು ನಾನು ಈ ಕಡೆಯಿಂದ ಓದುತ್ತೇನೆ. ಮೇಲಿನ ಹುಲ್ಲಿಗೆ ಎರಡು ಮೂರು ಕಣಿವೆಗಳ ಜನ ಬೇರೆ ಬೇರೆ ಕಡೆಯಿಂದ ಹತ್ತಿಬರುತ್ತಾರೆ. ಯಾರ ಮಂದೆ ಎಲ್ಲಿಯವರೆಗೆ ಎಂಬುದು ಮಾತಿನಲ್ಲಿ ತೀರಬೇಕು, ಇಲ್ಲವೇ ಹೊಡೆದಾಟದಲ್ಲಿ. ಅಂಥ ಕಡೆ ಬಂಡೆಯ ಮೇಲೆ ಆಯುಧ ಕೆತ್ತುವುದಕ್ಕೆ ಅರ್ಥವಿದೆ.

ಇನ್ನು ನೇಗಿಲಿನ ಬಗ್ಗೆ ಒಂದು ಗಮನಿಕೆ. ಬೇಗೊದ ಎತ್ತುಗಳನ್ನು ಮಗ್ಗುಲಿನಿಂದ ಕೆತ್ತಿಲ್ಲ. ನೆತ್ತಿಯ ಮೇಲಿಂದ ನೋಡಿದ ಹಾಗೆ ಮೈ ಒಂದು ಪಟ್ಟಿ, ಮುಂದೆ ಎರಡು ಕೊಂಬು, ನಡುವೆ ಅಡ್ಡ ನೊಗ. ಎತ್ತರದ ಇಳಿಜಾರಿನಲ್ಲಿ ಕೂತು ಕೆಳಗಿನ ಹೊಲ ನೋಡುವವನಿಗೆ ಎತ್ತು ಕಾಣುವುದು ಹಾಗೆಯೇ.

ಬೆಟ್ಟದಬೆಳಕು:
ಚೆನ್ನಾಗಿದೆ, ಆದರೆ ನೀವೇ ಹೇಳಿದ ಆಲ್ಟಾಯ್ ಗಾಡಿಗಳಿಗೆ ಏನು ಹೇಳುತ್ತೀರಿ? ಅವನ್ನೂ ಮೇಲಿಂದ ನೋಡಿದ ಹಾಗೆ ಕೆತ್ತಿದ್ದಾರೆ, ಚಕ್ರಗಳನ್ನು ಎರಡೂ ಕಡೆ ಮಲಗಿಸಿ. ಅಂಥ ಗಾಡಿಗಳು ಮಧ್ಯ ಏಷ್ಯಾದ ಉದ್ದಕ್ಕೂ ಇವೆ, ಸುತ್ತ ಎತ್ತರವೇ ಇಲ್ಲದ ಕಡೆಯೂ. ವಸ್ತುವಿನ ಎಲ್ಲ ಭಾಗಗಳೂ ಕಾಣುವಂತೆ ಬಿಡಿಸಬೇಕೆಂಬ ರೂಢಿ ಅದು, ಕೂತ ಜಾಗದ ನೋಟವಲ್ಲ. ಎತ್ತಿನ ಎರಡೂ ಕೊಂಬು, ನೊಗ, ಮೇಣಿ ಎಲ್ಲ ತೋರಿಸಲು ಇರುವ ದಾರಿ ಅದೊಂದೇ. ಬಲಿ ಕೊಡುವ ವಸ್ತುವಿನಲ್ಲಿ ಊನವಿರಬಾರದು ಎಂಬಂತೆ ಯಾವ ಅಂಗವನ್ನೂ ಬಿಡದೆ ಕೆತ್ತಿದ್ದಾರೆ.

ಕುತೂಹಲಿ:
ಕಲ್ಲನ್ನು ಕುಟ್ಟುವುದೇ ಮುಖ್ಯ, ಚಿತ್ರ ಆಮೇಲೆ ಎಂಬ ಸಾಧ್ಯತೆ ಇಲ್ಲವೇ? ಬಳ್ಳಾರಿ ಬಳಿಯ ಕುಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ದನಗಳ ಕೆತ್ತನೆಗಳ ಜೊತೆಗೇ ಕುಟ್ಟಿದರೆ ಗಂಟೆಯಂತೆ ನಾದ ಹೊರಡಿಸುವ ಕಲ್ಲುಗಳಿವೆ ಎಂದು ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಬರೆದಿದ್ದರು.

ಪರಾಗಕಣ:
ಅದು ಬಯಲಿನ ನಡುವಿನ ಗುಡ್ಡ, ಕಣಿವೆಯ ಪ್ರಶ್ನೆ ಬೇರೆ. ಆದರೂ ನಿಮ್ಮ ಮಾತು ಸರಿಯಾದ ಕಡೆ ಬೆರಳಿಟ್ಟಿದೆ. ಕಿರಿದಾದ ಕಣಿವೆಯಲ್ಲಿ ಕಲ್ಲಿನ ಮೇಲೆ ಕಲ್ಲು ಬಿದ್ದ ಸದ್ದು ಎದುರು ಗೋಡೆಗೆ ಬಡಿದು ಹಿಂದಿರುಗುತ್ತದೆ. ಕೆತ್ತುವವನು ಒಂಟಿಯಾಗಿ ಗುಟ್ಟಾಗಿ ಕೆತ್ತಲಾಗದು, ಕಣಿವೆಗೆಲ್ಲ ಗೊತ್ತಾಗುತ್ತದೆ.

ಹಿಮಚಾರಣಿ:
ನೀವೆಲ್ಲ ಜಾಗ ಮುಖ್ಯ ಎನ್ನುತ್ತಿದ್ದೀರಿ. ಜಾಗವೇ ಹೋಗುತ್ತಿದೆ, ಅದನ್ನೂ ಹೇಳಬೇಕು. ಲಡಾಖಿನಲ್ಲಿ ರಸ್ತೆ ಅಗಲಿಸುವಾಗ, ಕಟ್ಟಡಕ್ಕೆ ಕಲ್ಲು ಒಡೆಯುವಾಗ ಕೆತ್ತನೆಯ ಬಂಡೆಗಳು ಜಲ್ಲಿಯಾಗಿವೆ. ಪಾಕಿಸ್ತಾನದ ಕಡೆಯ ಸಿಂಧೂ ಮೇಲ್ಕಣಿವೆಯಲ್ಲಿ ಚಿಲಾಸ್ ಊರಿನ ಸುತ್ತಲಿನ ಸಾವಿರಾರು ಕೆತ್ತನೆಗಳು ಡಯಾಮರ್-ಬಾಷಾ ಅಣೆಕಟ್ಟಿನ ನೀರಿನಡಿ ಹೋಗಲಿವೆ. 2020ರಲ್ಲಿ ಅಣೆಕಟ್ಟಿನ ಕಾಮಗಾರಿ ಶುರುವಾಯಿತು. ಸಂಶೋಧಕರಾದ ಕಾರ್ಲ್ ಯೆಟ್ಮಾರ್, ಅಹ್ಮದ್ ಹಸನ್ ದಾನಿ ಅವರ ಕಾಲದಿಂದ ದಾಖಲಿಸಿದ ಬಂಡೆಗಳು ಅವು. ಕೆಲವನ್ನು ಕತ್ತರಿಸಿ ಮ್ಯೂಸಿಯಂಗೆ ಒಯ್ಯಬಹುದು, ಅಚ್ಚು ತೆಗೆಯಬಹುದು. ಆದರೆ ನದಿ ದಾಟುವ ಜಾಗವನ್ನು ಒಯ್ಯಲು ಬರುವುದಿಲ್ಲ.

ಪೋರ್ಚುಗಲ್‌ನ ಕೋವಾ ಕಣಿವೆಯಲ್ಲಿ ಬೇರೆಯೇ ಆಯಿತು. ಅಲ್ಲಿಯೂ ಅಣೆಕಟ್ಟು ಏಳುತ್ತಿತ್ತು. 1994ರಲ್ಲಿ ಹಳೆ ಶಿಲಾಯುಗದ ಕೆತ್ತನೆಗಳ ಸುದ್ದಿ ಹೊರಬಿತ್ತು. ಶಾಲೆಯ ಮಕ್ಕಳು ‘ಕೆತ್ತನೆಗಳಿಗೆ ಈಜು ಬಾರದು’ ಎಂದು ಘೋಷಣೆ ಕೂಗಿದರು. 1995ರಲ್ಲಿ ಹೊಸ ಸರ್ಕಾರ ಕಾಮಗಾರಿ ನಿಲ್ಲಿಸಿತು. 1998ಕ್ಕೆ ಅದು ವಿಶ್ವ ಪರಂಪರೆ ತಾಣ. ಕಟ್ಟಲು ಶುರು ಮಾಡಿದ್ದನ್ನು ನಿಲ್ಲಿಸಲು ಸಾಧ್ಯ, ಒಂದು ದೇಶ ಮಾಡಿ ತೋರಿಸಿದೆ.

ನೋಡಲು ಹೋಗುವವರಿಗೆ ಒಂದು ಕೋರಿಕೆ. ಫೋಟೋದಲ್ಲಿ ಎದ್ದು ಕಾಣಲಿ ಎಂದು ಗುಳಿಗೆ ಸೀಮೆಸುಣ್ಣ ತುಂಬಬೇಡಿ, ನೀರು ಸುರಿಯಬೇಡಿ, ಮೇಲೆ ನಡೆಯಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಸಾಕು. ಬರೀ ಚಿತ್ರದ ಫೋಟೋ ತೆಗೆದು ಬರಬೇಡಿ, ಬಂಡೆಯ ಮೇಲಿಂದ ಕಾಣುವ ಕಣಿವೆಯದೂ ಒಂದು ಇರಲಿ.

ಲಿಪಿಪ್ರಿಯ:
ಬೇಗೊದಲ್ಲೂ ‘ಕುಲದ ಮುಖ್ಯಸ್ಥ’ ಎಂಬ ಕೆತ್ತನೆಯ ಕಲ್ಲನ್ನು ಕೆಳಗಿನ ತಾಂದ್ ಊರಿನ ಮ್ಯೂಸಿಯಂಗೆ ಒಯ್ದು ಮೇಲೆ ನಕಲು ಇಟ್ಟಿದ್ದಾರೆ. ಕಲ್ಲು ಉಳಿಯಿತು, ಅದು ಸರಿಯಾದ ಕೆಲಸವೇ. ಆದರೆ ಮ್ಯೂಸಿಯಂನ ದೀಪದಡಿ ಅದನ್ನು ನೋಡುವವನಿಗೆ ಶಿಖರ ಯಾವ ದಿಕ್ಕಿಗಿತ್ತು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಪರಾಗಕಣ:
ವಾದವನ್ನು ಪರೀಕ್ಷೆಗೆ ಒಡ್ಡುವ ದಾರಿ ಒಂದಿದೆ. ಎತ್ತರದ ಸರೋವರದ ತಳದ ಕೆಸರು ವರ್ಷ ವರ್ಷ ಪದರವಾಗಿ ಕೂರುತ್ತದೆ. ಸಗಣಿಯ ಮೇಲೆ ಮಾತ್ರ ಬೆಳೆಯುವ ಶಿಲೀಂಧ್ರದ ಬೀಜಕಣ ಅದರಲ್ಲಿ ಸಿಕ್ಕರೆ ಮಂದೆ ಬಂದ ಕಾಲ ಗೊತ್ತಾಗುತ್ತದೆ. ಫ್ರೆಂಚ್ ಆಲ್ಪ್ಸ್‌ನ ಆಂತೆರ್ನ್ ಸರೋವರದಲ್ಲಿ, 2063 ಮೀಟರ್ ಎತ್ತರ, ಕೆಸರಿನಲ್ಲಿ ಉಳಿದ ಡಿಎನ್‌ಎಯಿಂದಲೇ ಕುರಿ ಯಾವಾಗ, ದನ ಯಾವಾಗ ಎಂದು ಬಿಡಿಸಿದ್ದಾರೆ. ಕೆತ್ತನೆಯಿರುವ ಕಣಿವೆಯ ಕೆಸರನ್ನೂ ಕೆತ್ತನೆಯಿಲ್ಲದ ಪಕ್ಕದ ಕಣಿವೆಯ ಕೆಸರನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಎರಡರಲ್ಲೂ ಒಂದೇ ಕಾಲಕ್ಕೆ ಅಷ್ಟೇ ದನ ಬಂದಿದ್ದರೆ, ಕೆತ್ತಲು ಹುಲ್ಲು ಒಂದೇ ಕಾರಣ ಎನ್ನಲಾಗದು. ಕೆತ್ತನೆಯ ಕಣಿವೆಯಲ್ಲಿ ಮಾತ್ರ ದನ ಹೆಚ್ಚಿದ್ದರೆ ಕಣಿವೆದಾರಿ ಅವರ ಮಾತಿಗೆ ತೂಕ ಬರುತ್ತದೆ.

ಬೆಟ್ಟದಬೆಳಕು:
ಆ ಪರೀಕ್ಷೆಗೆ ನಾನು ಸಿದ್ಧ. ಜೊತೆಗೆ ಇನ್ನೊಂದನ್ನೂ ಅಳೆಯಿರಿ: ಕೆತ್ತಿದ ಬಂಡೆಗಳಲ್ಲಿ ಎಷ್ಟರಿಂದ ಬೇಗೊ ಶಿಖರ ಕಾಣುತ್ತದೆ, ಕೆತ್ತದೆ ಬಿಟ್ಟ ಅಂಥದೇ ಬಂಡೆಗಳಲ್ಲಿ ಎಷ್ಟರಿಂದ ಕಾಣುತ್ತದೆ. ಖಾಲಿ ಬಂಡೆಗಳನ್ನೂ ಎಣಿಸದ ಹೊರತು ನಮ್ಮಿಬ್ಬರ ವಾದವೂ ಅರ್ಧವೇ.

ಕಣಿವೆದಾರಿ:
ಖಾಲಿ ಬಂಡೆಗಳನ್ನು ಎಣಿಸುವ ಮಾತು ನನಗೆ ಬಹಳ ಹಿಡಿಸಿತು. ಎಣಿಸುವಾಗ ಶಿಖರದ ಜೊತೆಗೆ ಕೆಳಗಿನ ಹೊಲ ಕಾಣುವ ಬಂಡೆಗಳ ಪಟ್ಟಿಯೂ ಬೇರೆಯಾಗಿ ಇರಲಿ. ನೇಗಿಲು ಯಾವ ಪಟ್ಟಿಯಲ್ಲಿ ಹೆಚ್ಚು ಬರುತ್ತದೋ ನೋಡೋಣ.